ಫ್ಯಾನ್ ತಿರುಗುತ್ತೆ, ಲೈಟ್ ಉರಿಯುತ್ತೆ, ಪರದೆ ಮಾತ್ರ ಕಪ್ಪು. ಮದರ್‌ಬೋರ್ಡ್ ಹೋಗಿದೆಯಾ?

ಅಕ್ಷರಮನೆ · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನಲ್ಲಿ ಒಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಶುಕ್ರವಾರ ಸಂಜೆ ಇಲ್ಲಿ ಜೋರು ಗುಡುಗು ಮಳೆ ಬಂತು. ಕರೆಂಟು ಮೂರು ಸಲ ಹೋಗಿ ಬಂತು. ಮೂರನೇ ಸಲ ಬಂದಾಗ ಟ್ಯೂಬ್‌ಲೈಟ್ ಯಾವತ್ತಿಗಿಂತ ಜಾಸ್ತಿ ಬೆಳ್ಳಗೆ ಉರಿದದ್ದು ನೆನಪಿದೆ. ಆಗ ಕಂಪ್ಯೂಟರ್ ಆಫ್ ಇತ್ತು. ಆದರೆ ಗೋಡೆಯ ಸ್ವಿಚ್ ಆನ್‌ನಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಮುಂದಿನ ಲೈಟ್ ಉರಿಯಿತು. ಮಾನಿಟರ್‌ನಲ್ಲಿ ‘ನೋ ಸಿಗ್ನಲ್’ ಅಂತ ಬಂದು ಕಪ್ಪಾಯಿತು. ಎಷ್ಟು ಸಲ ಮಾಡಿದರೂ ಅದೇ.

ಸಿಸ್ಟಮ್ ಹಳೆಯದು. 2015ರಲ್ಲಿ ತೆಗೆದುಕೊಂಡದ್ದು. ನಾಲ್ಕನೇ ತಲೆಮಾರಿನ ಐ3, ಎಚ್81 ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಡಬ್ಬ) ಕ್ಯಾಬಿನೆಟ್ ಜೊತೆಗೇ ಬಂದದ್ದು.

ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗಿದ್ದೆ. ಐದು ನಿಮಿಷ ನೋಡಿ, ‘ಮದರ್‌ಬೋರ್ಡ್ ಹೋಗಿದೆ, ಈಗ ಇದು ಸಿಗಲ್ಲ, ಹೊಸ ಸಿಸ್ಟಮ್ ತಗೊಳ್ಳಿ, 28 ಸಾವಿರ ಆಗುತ್ತೆ’ ಅಂದರು. ಅಷ್ಟು ದುಡ್ಡು ಈಗ ನನ್ನ ಹತ್ತಿರ ಇಲ್ಲ. ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ನಿವೃತ್ತ ಮೇಷ್ಟ್ರೊಬ್ಬರ ಪುಸ್ತಕ ಅದರಲ್ಲಿದೆ. 180 ಪುಟ. ಮೂರನೇ ಕರಡು ತಿದ್ದಿ ಮುಗಿಸಿದ್ದೆ. ಪೆನ್‌ಡ್ರೈವ್‌ನಲ್ಲಿ ಇರುವ ಪ್ರತಿ ಎರಡು ತಿಂಗಳು ಹಳೆಯದು. ಅವರಿಗೆ ಇನ್ನೂ ಹೇಳಿಲ್ಲ. ಏನು ಮಾಡಬಹುದು, ದಯವಿಟ್ಟು ತಿಳಿಸಿ.

ಹುಬ್ಬಳ್ಳಿ ಕೀಬೋರ್ಡ್ · ಸೋಮವಾರ, ರಾತ್ರಿ 9:32

ಅಕ್ಕಾವ್ರೇ, ಮೊದಲು ಒಂದು ಮಾತು. ಪರದೆ ಬರಲಿಲ್ಲ ಅಂದರೆ ಡಿಸ್ಕ್ ಹೋಯ್ತು ಅಂತ ಅಲ್ಲ. ಪುಸ್ತಕ ಹೆಚ್ಚಾಗಿ ಸುರಕ್ಷಿತವಾಗೇ ಇರುತ್ತದೆ.

ಈಗ ನಾಲ್ಕು ವಿಷಯ ನೋಡಿ ಹೇಳ್ರಿ. ಕೀಬೋರ್ಡ್‌ನಲ್ಲಿ ಕ್ಯಾಪ್ಸ್ ಲಾಕ್ ಒತ್ತಿದರೆ ಲೈಟ್ ಹತ್ತಿ ಆರುತ್ತದಾ? ಆನ್ ಮಾಡಿದಾಗ ಬೀಪ್ ಶಬ್ದ ಬರುತ್ತದಾ? ಫ್ಯಾನ್ ಒಂದೇ ಸಮ ತಿರುಗುತ್ತದಾ, ಅಥವಾ ತಿರುಗಿ, ನಿಂತು, ಮತ್ತೆ ತಿರುಗುತ್ತದಾ? ಹಾರ್ಡ್ ಡಿಸ್ಕ್ ಮೇಲೆ ಬೆರಳಿಟ್ಟರೆ ಸಣ್ಣ ನಡುಕ ಗೊತ್ತಾಗುತ್ತದಾ?

ಮಾನಿಟರ್ ಬಗ್ಗೆ ಚಿಂತೆ ಬೇಡ. ‘ನೋ ಸಿಗ್ನಲ್’ ಅಂತ ಅದು ತಾನೇ ಬರೆದು ತೋರಿಸುತ್ತಿದೆ, ಅಂದರೆ ಅದು ಜೀವಂತ ಇದೆ. ಕೇಬಲ್ ಮಾತ್ರ ಒಮ್ಮೆ ಬಿಚ್ಚಿ ಗಟ್ಟಿಯಾಗಿ ಹಾಕಿ.

ಹಳೇ ಮೆಕ್ಯಾನಿಕ್ · ಸೋಮವಾರ, ರಾತ್ರಿ 10:05

ಅಂಗಡಿಯವರು ಹೇಳಿದ್ದು ಸರಿ ಇರಬಹುದು ಮೇಡಂ. ಫ್ಯಾನ್ ತಿರುಗುತ್ತಿದೆ ಅಂದರೆ ಎಸ್‌ಎಂಪಿಎಸ್ ಸರಿ ಇದೆ. ಸಿಡಿಲಿಗೆ ಬೋರ್ಡ್ ಹೋಗಿರುತ್ತದೆ. ನಾನು ಇಂಥದ್ದು ಬಹಳ ನೋಡಿದ್ದೇನೆ.

ಬೆಸುಗೆ · ಸೋಮವಾರ, ರಾತ್ರಿ 11:20

ಮೆಕ್ಯಾನಿಕ್ ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಈ ಒಂದು ಮಾತಿಗೆ ಒಪ್ಪಲು ಆಗುತ್ತಿಲ್ಲ. ‘ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿ’ ಅನ್ನುವ ನಂಬಿಕೆಯಿಂದ ಎಷ್ಟೋ ಒಳ್ಳೆಯ ಬೋರ್ಡ್‌ಗಳು ಗುಜರಿಗೆ ಹೋಗಿವೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಕ್ಯಾಬಿನೆಟ್ ಫ್ಯಾನ್‌ಗೆ 12 ವೋಲ್ಟ್ ಬೇಕು. ಆದರೆ 9 ವೋಲ್ಟ್ ಕೊಟ್ಟರೂ ಅದು ತಿರುಗುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಪ್ರೊಸೆಸರ್ ಹಾಗಲ್ಲ. ಅದಕ್ಕೆ ಬೇಕಾದ ಎರಡು ವೋಲ್ಟಿಗಿಂತ ಕಡಿಮೆಯ ಕರೆಂಟನ್ನು ಬೋರ್ಡ್ ಆ 12 ವೋಲ್ಟಿನಿಂದಲೇ ಮಾಡಿಕೊಳ್ಳುತ್ತದೆ. ಅದಕ್ಕೇ ಎಟಿಎಕ್ಸ್ ಅನ್ನುವ, ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ನಿಯಮದಲ್ಲಿ ಶೇಕಡಾ 5 ಮಾತ್ರ ಹೆಚ್ಚು ಕಡಿಮೆ ಇರಬಹುದು. 12 ವೋಲ್ಟ್ ತಂತಿ 11.4ರಿಂದ 12.6ರ ಒಳಗೆ ಇರಬೇಕು. 5 ವೋಲ್ಟಿನದು 4.75ರಿಂದ 5.25. 3.3 ವೋಲ್ಟಿನದು ಸುಮಾರು 3.14ರಿಂದ 3.47.

ಇನ್ನೊಂದು ವಿಷಯ ಇದೆ. ದೊಡ್ಡ 24 ಪಿನ್ ಕನೆಕ್ಟರ್‌ನಲ್ಲಿ ಒಂದು ಬೂದು ಬಣ್ಣದ ತಂತಿ ಇರುತ್ತದೆ. ಅದರ ಹೆಸರು ‘ಪವರ್ ಗುಡ್’. ತನ್ನ ವೋಲ್ಟೇಜ್‌ಗಳೆಲ್ಲ ಸರಿಯಾಗಿವೆ ಅಂತ ಎಸ್‌ಎಂಪಿಎಸ್‌ಗೆ ಖಾತ್ರಿ ಆದ ಮೇಲೆ ಆ ತಂತಿಗೆ 5 ವೋಲ್ಟ್ ಬರುತ್ತದೆ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಇದು ಅರ್ಧ ಸೆಕೆಂಡಿನೊಳಗೆ ಆಗುತ್ತದೆ. ಆ ಸಂಕೇತ ಬರುವ ತನಕ ಬೋರ್ಡ್ ಪ್ರೊಸೆಸರನ್ನು ಏಳಲು ಬಿಡುವುದಿಲ್ಲ. ಫ್ಯಾನ್ ತಿರುಗುತ್ತಿರುತ್ತದೆ, ಲೈಟ್ ಉರಿಯುತ್ತಿರುತ್ತದೆ. ಒಳಗೆ ಮಾತ್ರ ಏನೂ ಶುರುವಾಗಿರುವುದಿಲ್ಲ. ನೋಡುವವರಿಗೆ ಬೋರ್ಡ್ ಸತ್ತಂತೆ ಕಾಣುತ್ತದೆ.

ನಿಮ್ಮದೂ ಅದೇ ಅಂತ ನಾನು ಹೇಳುತ್ತಿಲ್ಲ ಮೇಡಂ. ಅಳತೆ ಮಾಡದೆ ಯಾವ ಭಾಗವನ್ನೂ ಸತ್ತಿದೆ ಅನ್ನಬಾರದು ಅನ್ನುತ್ತಿದ್ದೇನೆ.

ಮೊದಲ ಕೆಲಸ: ಪ್ಲಗ್ ಕಿತ್ತು ಹಾರ್ಡ್ ಡಿಸ್ಕ್ ಹೊರಗೆ ತೆಗೆಯಿರಿ. ಎರಡು ಕೇಬಲ್, ನಾಲ್ಕು ಸ್ಕ್ರೂ ಅಷ್ಟೇ. ಯುಎಸ್‌ಬಿಯಿಂದ ಸಾಟಾಗೆ (ಡಿಸ್ಕ್‌ನ ಕನೆಕ್ಟರ್) ಹಾಕುವ ಅಡಾಪ್ಟರ್ ಯಾರ ಬಳಿಯಾದರೂ ಇದ್ದರೆ ಲ್ಯಾಪ್‌ಟಾಪ್‌ಗೆ ಹಾಕಿ ಪುಸ್ತಕ ನಕಲು ಮಾಡಿಕೊಳ್ಳಿ. 3.5 ಇಂಚಿನ ಡಿಸ್ಕ್‌ಗೆ ಯುಎಸ್‌ಬಿ ಕರೆಂಟು ಸಾಲುವುದಿಲ್ಲ. ಬೇರೆ 12 ವೋಲ್ಟ್ ಅಡಾಪ್ಟರ್ ಇರುವುದೇ ಬೇಕು. ಡಿಸ್ಕ್‌ನಿಂದ ಟಕ್ ಟಕ್ ಅಂತ ಶಬ್ದ ಬಂದರೆ ತಕ್ಷಣ ನಿಲ್ಲಿಸಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗೆ ಗೀರು ಬೀಳುವ ಅಪಾಯ ಇದೆ.

ಯಂತ್ರದ ವಿಷಯ ಅದಾದ ಮೇಲೆ ನೋಡೋಣ. ಆತುರ ಬೇಡ.

ಅಕ್ಷರಮನೆ · ಮಂಗಳವಾರ, ಮಧ್ಯಾಹ್ನ 1:40

ಎಲ್ಲರಿಗೂ ಧನ್ಯವಾದ. ಕ್ಯಾಪ್ಸ್ ಲಾಕ್ ಲೈಟ್ ಹತ್ತುವುದೇ ಇಲ್ಲ. ಬೀಪ್ ಇಲ್ಲ. ಫ್ಯಾನ್ ಒಂದೇ ಸಮ ತಿರುಗುತ್ತದೆ. ಡಿಸ್ಕ್ ನಡುಗುತ್ತದೆ.

ಪಕ್ಕದ ಫೋಟೋ ಸ್ಟುಡಿಯೋದವರ ಬಳಿ ಅಡಾಪ್ಟರ್ ಇತ್ತು. ಡಿಸ್ಕ್ ತೆಗೆದು ಅವರ ಲ್ಯಾಪ್‌ಟಾಪ್‌ಗೆ ಹಾಕಿದೆವು. ಫೋಲ್ಡರ್‌ಗಳೆಲ್ಲ ಕಂಡವು. ಖುಷಿಯಾಯಿತು. ಆದರೆ ಪುಸ್ತಕದ ಫೈಲ್ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ, ಗೀಟು, ಏನೇನೋ. ಎಲ್ಲ ಫೈಲ್ ಹಾಗೇ ಇವೆ. ಸಿಡಿಲಿಗೆ ಫೈಲ್ ಕೆಟ್ಟುಹೋಗಿದೆಯಾ? ಕೈಕಾಲು ಆಡುತ್ತಿಲ್ಲ.

ಕರಾವಳಿ ಕಾಗುಣಿತ · ಮಂಗಳವಾರ, ಮಧ್ಯಾಹ್ನ 1:52

ಮೇಡಂ, ಗಾಬರಿ ಆಗಬೇಡಿ. ನಿಮ್ಮ ಫೈಲ್ ಸರಿ ಇದೆ. ನೀವು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ, ಅಲ್ವಾ? ನುಡಿ 01 ಇ ತರಹದ್ದು?

ಆ ಫಾಂಟ್‌ಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫೈಲ್‌ನ ಒಳಗೆ ಇರುವುದು ಆ ಇಂಗ್ಲಿಷ್ ಗುರುತುಗಳೇ. ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲದ ಕಡೆ ಹೀಗೆ. ಸ್ಟುಡಿಯೋದವರ ಲ್ಯಾಪ್‌ಟಾಪ್‌ನಲ್ಲಿ ನುಡಿ ಇಲ್ಲ ಅಷ್ಟೇ. ನಿಮ್ಮ ಡಿಸ್ಕ್‌ನಲ್ಲೇ ವಿಂಡೋಸ್ ಫೋಲ್ಡರ್‌ನ ಒಳಗಿರುವ ಫಾಂಟ್ಸ್ ಫೋಲ್ಡರ್‌ಗೆ ಹೋಗಿ. ನುಡಿ ಅಂತ ಶುರುವಾಗುವ ಫೈಲ್‌ಗಳನ್ನು ಆ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಮಾಡಿ. ಆಮೇಲೆ ಫೈಲ್ ತೆರೆಯಿರಿ.

ಒಂದು ಎಚ್ಚರಿಕೆ. ಅಲ್ಲಿಯ ತನಕ ಯಾವ ಫೈಲನ್ನೂ ಸೇವ್ ಮಾಡಬೇಡಿ. ಕೆಲವರು ‘ಸರಿ ಮಾಡೋಣ’ ಅಂತ ಫಾಂಟ್ ಬದಲಿಸಿ ಸೇವ್ ಮಾಡಿಬಿಡುತ್ತಾರೆ. ಆಮೇಲೆ ಎಲ್ಲಿ ಕನ್ನಡ ಇತ್ತು, ಎಲ್ಲಿ ನಿಜವಾದ ಇಂಗ್ಲಿಷ್ ಇತ್ತು ಅಂತ ಬೇರ್ಪಡಿಸುವುದು ಬಹಳ ಕಷ್ಟ.

ಅಕ್ಷರಮನೆ · ಮಂಗಳವಾರ, ಮಧ್ಯಾಹ್ನ 2:35

ಬಂತು ಸರ್! 180 ಪುಟವೂ ಬಂತು. ಒತ್ತಕ್ಷರ, ಅಡಿಟಿಪ್ಪಣಿ, ಎಲ್ಲ ಇದ್ದ ಹಾಗೇ ಇವೆ. ಎರಡು ಕಡೆ ನಕಲು ಮಾಡಿದೆ. ಹನ್ನೊಂದು ವರ್ಷದ ಮದುವೆ ಕಾಗದ, ಸೊಸೈಟಿಯ ವರದಿ, ಎಲ್ಲ ಸೇರಿ 43 ಜಿಬಿ. ನಿಮ್ಮ ಉಪಕಾರ ಮರೆಯಲ್ಲ.

ಈಗ ಯಂತ್ರದ ವಿಷಯ ಹೇಳಿ. ನನಗೆ ಸ್ಕ್ರೂ ಬಿಚ್ಚಲು ಬರುತ್ತದೆ. ಪ್ರಿಂಟರ್ ರೋಲರ್ ನಾನೇ ಬದಲಿಸುತ್ತೇನೆ.

ಹುಬ್ಬಳ್ಳಿ ಕೀಬೋರ್ಡ್ · ಮಂಗಳವಾರ, ಸಂಜೆ 6:15

ಶಾಭಾಷ್ ಅಕ್ಕಾವ್ರೇ. ಈಗ ಧೈರ್ಯವಾಗಿ ಕೈ ಹಾಕಬಹುದು.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟು ಇಳಿಯುತ್ತದೆ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲಿ. ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಉಗುಳು ತಾಗುತ್ತದೆ. ನಿಮ್ಮ ಮಲೆನಾಡಲ್ಲಿ ಇರುವೆ, ಹಲ್ಲಿ ಒಳಗೆ ಹೋಗಿ ಸತ್ತಿರುವುದೂ ಉಂಟು, ಬೋರ್ಡ್ ಸುತ್ತ ಒಮ್ಮೆ ನೋಡಿ.

ಆಮೇಲೆ ಎರಡೂ ರ‍್ಯಾಮ್ ತೆಗೆಯಿರಿ. ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ರಬ್ಬರ್ ಪುಡಿ ಸ್ಲಾಟ್‌ಗೆ ಬೀಳಬಾರದು. ಒಂದೇ ರ‍್ಯಾಮ್ ಹಾಕಿ ನೋಡಿ. ಬರದಿದ್ದರೆ ಇನ್ನೊಂದು ಸ್ಲಾಟ್. ಆಮೇಲೆ ಇನ್ನೊಂದು ರ‍್ಯಾಮ್. ಟಕ್ ಅಂತ ಕೂರಬೇಕು. ತೇವ ಇರುವ ಊರುಗಳಲ್ಲಿ ಅರ್ಧದಷ್ಟು ಯಂತ್ರ ಇಷ್ಟರಲ್ಲೇ ಎದ್ದು ಕೂರುತ್ತವೆ, ಇದು ನನ್ನ ಅನುಭವದ ಮಾತು.

ಒಂದು ಬಜರ್ ತರಿಸಿಕೊಳ್ಳಿ. ಬೋರ್ಡ್‌ನ ಮೂಲೆಯಲ್ಲಿ ‘ಸ್ಪೀಕರ್’ ಅಂತ ಬರೆದಿರುವ ನಾಲ್ಕು ಪಿನ್‌ಗೆ ಹಾಕುವ ಪುಟ್ಟ ವಸ್ತು. ಐವತ್ತು ರೂಪಾಯಿ ಒಳಗೆ ಸಿಗುತ್ತದೆ. ಅದಿಲ್ಲದಿದ್ದರೆ ಬೋರ್ಡ್ ಕೂಗಿದರೂ ನಮಗೆ ಕೇಳಿಸುವುದಿಲ್ಲ.

ಹೊಸ ಬಿಲ್ಡ್ · ಮಂಗಳವಾರ, ರಾತ್ರಿ 8:03

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದೂ ಹೀಗೇ ಇದೆ. ರೈಜನ್ 5 5600 ಪ್ರೊಸೆಸರ್, ಗೆಳೆಯನಿಂದ ಕೊಂಡ ಹಳೆಯ ಬಿ450 ಬೋರ್ಡ್. ಫ್ಯಾನ್ ಎಲ್ಲ ತಿರುಗುತ್ತದೆ. ಬೋರ್ಡ್‌ನ ಮೂಲೆಯಲ್ಲಿ ‘ಸಿಪಿಯು’ ಅಂತ ಬರೆದಿರುವ ಕೆಂಪು ಲೈಟ್ ಉರಿಯುತ್ತದೆ. ಪ್ರೊಸೆಸರ್ ವಾಪಸ್ ಕೊಡಬೇಕಾ?

ಬೆಸುಗೆ · ಮಂಗಳವಾರ, ರಾತ್ರಿ 8:20

ವಾಪಸ್ ಕೊಡಬೇಡಿ. ಬಿ450 ಬೋರ್ಡ್ 2018ರದು. 5000 ಸರಣಿಯ ಪ್ರೊಸೆಸರ್ 2020ರ ಕೊನೆಯಲ್ಲಿ ಬಂದದ್ದು. ಹಳೆಯ ಬಯೋಸ್‌ಗೆ (ಆನ್ ಆದ ಕೂಡಲೇ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಅದರ ಗುರುತೇ ಇರುವುದಿಲ್ಲ. ಬೋರ್ಡ್‌ನ ಹಿಂದೆ ‘ಫ್ಲ್ಯಾಶ್ ಬಯೋಸ್’ ಬಟನ್ ಇದ್ದರೆ, ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ ಹೊಸ ಬಯೋಸ್ ಹಾಕಿ ಅಪ್‌ಡೇಟ್ ಮಾಡಬಹುದು. ಬಟನ್ ಇಲ್ಲದಿದ್ದರೆ ಹಳೆಯ ರೈಜನ್ ಪ್ರೊಸೆಸರ್ ಒಂದನ್ನು ಸ್ವಲ್ಪ ಹೊತ್ತು ಹಾಕಿ ಅಪ್‌ಡೇಟ್ ಮಾಡಬೇಕು. ಇನ್ನೊಂದು ಮಾತು, 5600ಗೆ ಒಳಗೆ ಗ್ರಾಫಿಕ್ಸ್ ಇಲ್ಲ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಹಾಕಬೇಕು, ಬೋರ್ಡ್‌ಗೆ ಹಾಕಿದರೆ ಯಾವತ್ತೂ ಬರುವುದಿಲ್ಲ.

ಹೊಸ ಬಿಲ್ಡ್ · ಮಂಗಳವಾರ, ರಾತ್ರಿ 8:26

ಬಟನ್ ಇಲ್ಲ. ನಾಳೆ ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಮಾಡಿಸುತ್ತೇನೆ. ಥ್ಯಾಂಕ್ಸ್ ಸರ್.

ಅಕ್ಷರಮನೆ · ಬುಧವಾರ, ಸಂಜೆ 5:30

ಶಿವಮೊಗ್ಗದಿಂದ ಬಜರ್ ತರಿಸಿದೆ. ರ‍್ಯಾಮ್ ಉಜ್ಜಿ, ಒಂದೊಂದಾಗಿ ಎಲ್ಲ ರೀತಿಯಲ್ಲೂ ಹಾಕಿ ನೋಡಿದೆ. ಬದಲಾವಣೆ ಇಲ್ಲ. ಎರಡೂ ರ‍್ಯಾಮ್ ತೆಗೆದು ಆನ್ ಮಾಡಿದರೂ ಬಜರ್ ಮೌನ. ಹಲ್ಲಿ ಇರಲಿಲ್ಲ. ಇರುವೆ ಮೊಟ್ಟೆ ಸ್ವಲ್ಪ ಇತ್ತು, ತೆಗೆದೆ.

ಬೆಸುಗೆ · ಬುಧವಾರ, ರಾತ್ರಿ 7:45

ಈ ಮೌನ ಬಹಳ ಉಪಯೋಗದ ಮಾಹಿತಿ ಮೇಡಂ. ರ‍್ಯಾಮ್ ಇಲ್ಲದೆ ಆನ್ ಮಾಡಿದಾಗ, ಸರಿ ಇರುವ ಬೋರ್ಡ್ ‘ರ‍್ಯಾಮ್ ಎಲ್ಲಿ?’ ಅಂತ ಬೀಪ್ ಹೊಡೆದು ಕೇಳುತ್ತದೆ. ಕೇಳಬೇಕಾದರೆ ಪ್ರೊಸೆಸರ್ ಎದ್ದು ಬಯೋಸ್ ಓದಿರಬೇಕು. ನಿಮ್ಮದರಲ್ಲಿ ಅದು ಎದ್ದೇ ಇಲ್ಲ. ಹಾಗಾದರೆ ರ‍್ಯಾಮ್ ತಪ್ಪಲ್ಲ. ಡಿಸ್ಕ್, ವಿಂಡೋಸ್ ಇವಂತೂ ಅಲ್ಲವೇ ಅಲ್ಲ. ಉಳಿದದ್ದು ಕರೆಂಟು, ಪ್ರೊಸೆಸರ್, ಬಯೋಸ್ ಚಿಪ್, ಬೋರ್ಡ್. ಈ ನಾಲ್ಕರಲ್ಲಿ ಮನೆಯಲ್ಲೇ ಅಳೆಯಬಹುದಾದ್ದು ಕರೆಂಟು ಒಂದೇ.

ಊರಿನ ವೈರಿಂಗ್ ಕೆಲಸದವರ ಬಳಿ ಮಲ್ಟಿಮೀಟರ್ ಇರುತ್ತದೆ. ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಮೊದಲು ಪ್ರೊಸೆಸರ್ ಹತ್ತಿರದ 4 ಪಿನ್ ಕನೆಕ್ಟರ್ ಪೂರ್ತಿ ಕೂತಿದೆಯಾ ನೋಡಿ. ಅದು ಸಡಿಲ ಇದ್ದರೂ ಇದೇ ಲಕ್ಷಣ ಬರುತ್ತದೆ.

ಅಳೆಯುವಾಗ ಒಂದು ವಿಷಯ ನೆನಪಿರಲಿ. ಎಸ್‌ಎಂಪಿಎಸ್ ಬಿಚ್ಚಿ, ಹಸಿರು ತಂತಿಗೂ ಕಪ್ಪು ತಂತಿಗೂ ಪಿನ್ ಕೊಟ್ಟು ಆನ್ ಮಾಡಿ ಅಳೆಯುವ ರೂಢಿ ಇದೆ. ಅಂಗಡಿಯವರು ಹೆಚ್ಚಾಗಿ ಅದನ್ನೇ ಮಾಡುತ್ತಾರೆ. ಆಗ ಮೇಲೆ ಭಾರ ಇರುವುದಿಲ್ಲ. ಬಳಲಿದ ಎಸ್‌ಎಂಪಿಎಸ್ ಕೂಡ ಆಗ 12 ತೋರಿಸುತ್ತದೆ. ಖಾಲಿ ಗಾಡಿ ಎಳೆದದ್ದನ್ನು ನೋಡಿ ಎತ್ತಿನ ಬಲ ಹೇಳಲು ಆಗಲ್ಲ. ಆದ್ದರಿಂದ ಬೋರ್ಡ್‌ಗೆ ಹಾಕಿದ ಹಾಗೇ ಅಳೆಯಿರಿ. ಕಪ್ಪು ಕಡ್ಡಿಯನ್ನು ಯಾವುದಾದರೂ ಕಪ್ಪು ತಂತಿಯ ಜಾಗಕ್ಕೆ, ಕೆಂಪು ಕಡ್ಡಿಯನ್ನು ಕನೆಕ್ಟರ್‌ನ ಹಿಂಬದಿಯಿಂದ, ತಂತಿ ಒಳಹೋಗುವ ಕಿಂಡಿಗೆ ಇಡಿ. ಹಳದಿ 12, ಕೆಂಪು 5, ಕಿತ್ತಳೆ 3.3. ನೇರಳೆ ಯಾವಾಗಲೂ 5, ಆಫ್ ಇದ್ದಾಗಲೂ. ಬೂದು ತಂತಿ ಆನ್ ಆದ ಮೇಲೆ 5ರ ಹತ್ತಿರ ಇರಬೇಕು.

ಕಡ್ಡಿಯ ತುದಿ ಎರಡು ಪಿನ್‌ಗೆ ಒಟ್ಟಿಗೆ ತಾಗದಂತೆ ನೋಡಿಕೊಳ್ಳಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. 230 ವೋಲ್ಟ್ ಎಸಿ ಒಳಗೆ 325ರ ಹತ್ತಿರ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಇರಬಹುದು. ಇದರಲ್ಲಿ ಧೈರ್ಯ ತೋರಿಸಬಾರದು.

ಲ್ಯಾಬ್ ಟೀಚರ್ · ಬುಧವಾರ, ರಾತ್ರಿ 9:10

ಡಬ್ಬದ ಹಿಂದೆ ಸಣ್ಣ ಕೆಂಪು ಸ್ವಿಚ್ ಇದೆಯಾ ನೋಡಿ ಮೇಡಂ. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಅಂತ ಇರುತ್ತದೆ. ನಮ್ಮ ದೇಶದಲ್ಲಿ 230ರಲ್ಲೇ ಇರಬೇಕು. ನಾನು ಮೊದಲು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಒಂದು ಮಗು ಅದನ್ನು ಉಗುರಿನಿಂದ 115ಕ್ಕೆ ಸರಿಸಿತ್ತು. ಆನ್ ಮಾಡಿದ ತಕ್ಷಣ ಢಂ ಅಂತ ಶಬ್ದ, ಹೊಗೆ. ಮಕ್ಕಳು ದೂರ ಇದ್ದರು, ಅದೇ ಪುಣ್ಯ. ಅಂದಿನಿಂದ ಎಲ್ಲ ಯಂತ್ರದ ಆ ಸ್ವಿಚ್ ಮೇಲೆ ಟೇಪ್ ಅಂಟಿಸಿದ್ದೇನೆ.

ಅಕ್ಷರಮನೆ · ಗುರುವಾರ, ಬೆಳಿಗ್ಗೆ 11:25

ಕೆಂಪು ಸ್ವಿಚ್ 230ರಲ್ಲೇ ಇದೆ. ವೈರಿಂಗ್ ಮಾಡುವ ಅಣ್ಣ ಮೀಟರ್ ತಂದರು. ಇಬ್ಬರೂ ಸೇರಿ ಅಳೆದೆವು. ಕುತೂಹಲಕ್ಕೆ ಮೊದಲು ಬೋರ್ಡ್‌ನಿಂದ ಬಿಚ್ಚಿ ಅಳೆದೆವು. ಹಳದಿ 12.1. ‘ಸರಿ ಇದೆಯಲ್ಲ’ ಅಂದರು ಅಣ್ಣ. ಆಮೇಲೆ ನೀವು ಹೇಳಿದಂತೆ ಬೋರ್ಡ್‌ಗೆ ಹಾಕಿ ಆನ್ ಮಾಡಿದೆವು.

ಹಳದಿ 10.3. ಕೆಂಪು 5.1. ಕಿತ್ತಳೆ 3.3. ನೇರಳೆ 5.0. ಬೂದು 0.2.

ಮೂರು ಸಲ ಅಳೆದೆವು. ಮೂರು ಸಲವೂ ಹಾಗೇ.

ಬೆಸುಗೆ · ಗುರುವಾರ, ಬೆಳಿಗ್ಗೆ 11:41

ಸಿಕ್ಕಿತು. 12 ವೋಲ್ಟ್ ಕುಸಿದಿದೆ. ಪವರ್ ಗುಡ್ ಬಂದಿಲ್ಲ. ಬೋರ್ಡ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ, ಕೆಟ್ಟ ಕರೆಂಟಿನಲ್ಲಿ ಪ್ರೊಸೆಸರ್ ಎಬ್ಬಿಸುತ್ತಿಲ್ಲ. ಇನ್ನು ಈ ಎಸ್‌ಎಂಪಿಎಸ್‌ನಲ್ಲಿ ಆನ್ ಮಾಡಬೇಡಿ. ಯಾರದ್ದಾದರೂ ಸರಿ ಇರುವ ಎಸ್‌ಎಂಪಿಎಸ್ ಒಂದು ಗಂಟೆಗೆ ಸಾಲ ತಂದು ಹಾಕಿ ನೋಡಿ. ಬೋರ್ಡ್ ಕೂಡ ಪೆಟ್ಟು ತಿಂದಿದೆಯಾ ಅನ್ನುವುದು ಆಗ ಗೊತ್ತಾಗುತ್ತದೆ. ಅದಕ್ಕೆ ಮೊದಲು ಹೊಸದು ಕೊಳ್ಳಬೇಡಿ.

ಹಳೇ ಮೆಕ್ಯಾನಿಕ್ · ಗುರುವಾರ, ಮಧ್ಯಾಹ್ನ 12:30

ನಾನು ಹೇಳಿದ್ದು ತಪ್ಪಾಯಿತು ಮೇಡಂ. ನಾವು ಕೆಲಸ ಕಲಿತ ಕಾಲದಲ್ಲಿ ಪಿನ್ ಕೊಟ್ಟು ಫ್ಯಾನ್ ತಿರುಗಿಸಿ ನೋಡುವುದೇ ಪರೀಕ್ಷೆ ಆಗಿತ್ತು. ಬೂದು ತಂತಿ ಇರುವುದು ಗೊತ್ತಿತ್ತು, ಅಳೆದಿರಲಿಲ್ಲ. ನನ್ನ ಅಂಗಡಿಯಲ್ಲಿ ‘ಸತ್ತ’ ಬೋರ್ಡ್ ಅಂತ ಆರು ಇಟ್ಟಿದ್ದೇನೆ. ಈ ವಾರ ಒಂದೊಂದನ್ನೂ ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ ನೋಡುತ್ತೇನೆ.

ಅಕ್ಷರಮನೆ · ಗುರುವಾರ, ಸಂಜೆ 6:50

ಸ್ಟುಡಿಯೋದವರ ಹಳೆಯ ಯಂತ್ರದ ಎಸ್‌ಎಂಪಿಎಸ್ ತಂದು ಹಾಕಿದೆ. ಬಜರ್ ಒಂದು ಸಲ ಪೀಪ್ ಅಂದಿತು. ಪರದೆ ಬಂತು!! ಮದರ್‌ಬೋರ್ಡ್ ಸರಿ ಇದೆ.

ಆದರೆ ಪೂರ್ತಿ ಆಗಿಲ್ಲ. ಮೊದಲು ‘ಸೀಮಾಸ್ ಚೆಕ್‌ಸಮ್ ಎರರ್’ ಅಂತ ಬಂತು. ತಾರೀಕು 2014ರ ಜನವರಿ 1 ಅಂತ ತೋರಿಸಿತು. ಡಿಸ್ಕ್ ವಾಪಸ್ ಹಾಕಿದ ಮೇಲೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಅನ್ನುತ್ತದೆ. ವಿಂಡೋಸ್ ಬರುತ್ತಿಲ್ಲ.

ವೇಗದೂತ · ಗುರುವಾರ, ರಾತ್ರಿ 7:02

ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಬಿಡಿ ಮೇಡಂ, ಅರ್ಧ ಗಂಟೆ ಕೆಲಸ.

ಹುಬ್ಬಳ್ಳಿ ಕೀಬೋರ್ಡ್ · ಗುರುವಾರ, ರಾತ್ರಿ 7:08

ಬೇಡ ಬೇಡ. ದಯವಿಟ್ಟು ಫಾರ್ಮ್ಯಾಟ್ ಮಾತು ಈಗ ಬೇಡ. ಅವರ ಪೇಜ್ ಸೆಟ್ಟಿಂಗ್, ಫಾಂಟ್, ಪ್ರಿಂಟರ್ ಡ್ರೈವರ್ ಎಲ್ಲ ಅದರಲ್ಲಿವೆ. ಹಳೆಯ ಪ್ರಿಂಟರ್‌ಗೆ ಡ್ರೈವರ್ ಮತ್ತೆ ಹುಡುಕುವುದು ಸುಲಭ ಅಲ್ಲ.

ಅಕ್ಕಾವ್ರೇ, ಬೋರ್ಡ್ ಮೇಲೆ ನಾಣ್ಯದಂಥ ಬ್ಯಾಟರಿ ಇದೆಯಲ್ಲ, ಸಿಆರ್ 2032, ಅದು ಮುಗಿದಿದೆ. ಗೋಡೆ ಕರೆಂಟು ಇದ್ದಷ್ಟು ದಿನ ನೇರಳೆ ತಂತಿಯ 5 ವೋಲ್ಟ್ ಗಡಿಯಾರವನ್ನು ಕಾಪಾಡುತ್ತಿತ್ತು. ನೀವು ಪ್ಲಗ್ ಕಿತ್ತು ಇಟ್ಟ ಮೇಲೆ ಬಯೋಸ್ ತನ್ನ ಸೆಟ್ಟಿಂಗ್ ಎಲ್ಲ ಮರೆತಿದೆ. ಹೊಸ ಬ್ಯಾಟರಿ 3 ವೋಲ್ಟ್ ಇರುತ್ತದೆ. ನಿಮ್ಮದನ್ನು ಅಳೆದು ನೋಡಿ.

ಬ್ಯಾಟರಿ ಹಾಕಿದ ಮೇಲೆ ಬಯೋಸ್‌ಗೆ ಹೋಗಿ. ಡಿಸ್ಕ್‌ನ ಹೆಸರು ಅಲ್ಲಿ ಕಾಣುತ್ತದಾ? ಕಾಣದಿದ್ದರೆ ಸಾಟಾ ಕೇಬಲ್ ಬದಲಿಸಿ. ಕಂಡರೆ, ಬೂಟ್ ಪುಟದಲ್ಲಿ ‘ಯುಇಎಫ್‌ಐ’ (ಹೊಸ ಬೂಟ್ ವಿಧಾನ) ಮತ್ತು ‘ಲೆಗಸಿ’ (ಹಳೆಯದು) ಅಂತ ಆಯ್ಕೆ ಇರುತ್ತದೆ. ಕೆಲವು ಬೋರ್ಡ್‌ನಲ್ಲಿ ಲೆಗಸಿಗೆ ‘ಸಿಎಸ್ಎಂ’ ಅಂತ ಇರುತ್ತದೆ. ಆ ಕಾಲದಲ್ಲಿ ವಿಂಡೋಸ್ 7 ಹಾಕಿಸಿಕೊಂಡಿದ್ದರೆ ಅದು ಹೆಚ್ಚಾಗಿ ಲೆಗಸಿ ಮೋಡ್‌ನಲ್ಲೇ ಇರುತ್ತದೆ. ಯುಇಎಫ್‌ಐ ಒಂದನ್ನೇ ಇಟ್ಟರೆ ಬೋರ್ಡ್‌ಗೆ ಆ ಡಿಸ್ಕ್‌ನಲ್ಲಿ ವಿಂಡೋಸ್ ಇರುವುದೇ ಗೊತ್ತಾಗುವುದಿಲ್ಲ. ಲೆಗಸಿ ಆನ್ ಮಾಡಿ, ಡಿಸ್ಕನ್ನು ಮೊದಲ ಸ್ಥಾನಕ್ಕೆ ತಂದು, ಸೇವ್ ಮಾಡಿ. ಯಾವುದೂ ಪೆನ್‌ಡ್ರೈವ್ ಚುಚ್ಚಿರಬಾರದು.

ಬೆಸುಗೆ · ಗುರುವಾರ, ರಾತ್ರಿ 7:30

ಇದಕ್ಕೆ ಸೇರಿಸುವುದು ಒಂದೇ. ನೀಲಿ ಪರದೆ ಬಂದು ರೀಸ್ಟಾರ್ಟ್ ಆದರೆ ಗಾಬರಿ ಬೇಡ. ಬಯೋಸ್‌ನ ಸಾಟಾ ಮೋಡ್‌ನಲ್ಲಿ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ‘ಐಡಿಇ’ ಮತ್ತು ‘ಎಎಚ್‌ಸಿಐ’ ಅಂತ ಇರುತ್ತದೆ, ಇನ್ನೊಂದಕ್ಕೆ ಬದಲಿಸಿ ನೋಡಿ. ವಿಂಡೋಸ್ ಹಾಕಿದಾಗ ಯಾವುದಿತ್ತೋ ಅದೇ ಬೇಕು.

ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಹೊಸ ಯಂತ್ರಗಳಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ, ಬಯೋಸ್ ರೀಸೆಟ್ ಆದ ಮೇಲೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಬ್ಯಾಟರಿ ತೆಗೆಯುವ ಮೊದಲೇ ಆ ಕೀ ನಿಮ್ಮ ಬಳಿ ಇದೆಯಾ ನೋಡಿಕೊಳ್ಳಿ. ಡಿಡಿಆರ್5 ರ‍್ಯಾಮ್ ಇರುವವರು ರೀಸೆಟ್ ಆದ ಮೇಲೆ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆ ಮುಂದೆ ಕಾಯಬೇಕಾಗುತ್ತದೆ. ಬೋರ್ಡ್ ಆಗ ರ‍್ಯಾಮ್‌ನ ವೇಗ ಹೊಂದಿಸಿಕೊಳ್ಳುತ್ತಿರುತ್ತದೆ. ನಡುವೆ ಆಫ್ ಮಾಡಬೇಡಿ.

ಅಕ್ಷರಮನೆ · ಶುಕ್ರವಾರ, ಬೆಳಿಗ್ಗೆ 10:15

ಬ್ಯಾಟರಿ 2.1 ವೋಲ್ಟ್ ಇತ್ತು. ಹೊಸದು ಹಾಕಿದೆ. ಲೆಗಸಿ ಆನ್ ಮಾಡಿದೆ. ವಿಂಡೋಸ್ ಬಂತು. ನುಡಿ ತೆರೆಯಿತು. ಪ್ರಿಂಟರ್ ಓಡಿತು. ಎಲ್ಲರಿಗೂ ಕೈ ಮುಗಿಯುತ್ತೇನೆ.

ಮೊದಲು ವೆಬ್‌ಸೈಟ್ ಯಾವುದೂ ತೆರೆಯುತ್ತಿರಲಿಲ್ಲ, ‘ಸಂಪರ್ಕ ಸುರಕ್ಷಿತವಲ್ಲ’ ಅನ್ನುತ್ತಿತ್ತು. ತಾರೀಕು ಸರಿ ಮಾಡಿದ ಮೇಲೆ ಎಲ್ಲ ಬಂದವು.

ಈಗ ಎರಡು ಪ್ರಶ್ನೆ. ಯಾವ ಎಸ್‌ಎಂಪಿಎಸ್ ತರಲಿ? ಇನ್ನೊಂದು, ಒಂದು ವರ್ಷದಿಂದ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬೆಸುಗೆ · ಶುಕ್ರವಾರ, ಬೆಳಿಗ್ಗೆ 11:00

ಜುಮ್ ಅನ್ನುವುದನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಅಂಗಡಿಯಲ್ಲಿ ಅರ್ಥಿಂಗ್ ಇಲ್ಲ, ಅಥವಾ ಎಲ್ಲೋ ಕಡಿದಿದೆ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ಸೋಸಲು ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ. ಅರ್ಥ್ ಇದ್ದರೆ ಆ ಸೋರಿಕೆ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್‌ನಲ್ಲಿ 230ರ ಅರ್ಧ, 115 ವೋಲ್ಟ್ ಹತ್ತಿರ ನಿಂತಿರುತ್ತದೆ. ಕರೆಂಟು ತೀರಾ ಕಡಿಮೆ, ಅದಕ್ಕೇ ಜುಮ್ ಅಂದು ಬಿಡುತ್ತದೆ. ಆದರೆ ಒಳಗೆ ಫೇಸ್ ತಂತಿ ಕ್ಯಾಬಿನೆಟ್‌ಗೆ ತಾಗಿದ ದಿನ ಅದೇ ಜಾಗ ಜೀವಕ್ಕೆ ಅಪಾಯ. ಎಸ್‌ಎಂಪಿಎಸ್‌ಗಿಂತ ಮೊದಲು ಅರ್ಥಿಂಗ್ ಮಾಡಿಸಿ. ಸ್ಪೈಕ್ ಗಾರ್ಡ್ ಕೂಡ ಅರ್ಥ್ ಇಲ್ಲದೆ ಪೂರ್ತಿ ಕೆಲಸ ಮಾಡುವುದಿಲ್ಲ.

ಶುಕ್ರವಾರ ಟ್ಯೂಬ್‌ಲೈಟ್ ಬೆಳ್ಳಗೆ ಉರಿದದ್ದು ನ್ಯೂಟ್ರಲ್ ಸಡಿಲವಾದ ಲಕ್ಷಣ ಇರಬಹುದು. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಕೆಲವು ಮನೆಗೆ 230 ಮೀರಿ 400ರ ಹತ್ತಿರಕ್ಕೂ ಏರಬಹುದು. ಹಳೆಯ ಕೆಪಾಸಿಟರ್‌ಗಳು ಮೊದಲೇ ಒಣಗಿದ್ದವು, ಆ ಪೆಟ್ಟು ಸಾಕಾಗಿರುತ್ತದೆ.

ನಿಮ್ಮ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 450 ವಾಟ್ ಧಾರಾಳ ಸಾಕು. ವಾಟ್ ಸಂಖ್ಯೆ ದೊಡ್ಡದಿದೆ ಅಂತ ಅಗ್ಗದ್ದು ಕೊಳ್ಳಬೇಡಿ. 80 ಪ್ಲಸ್ ಗುರುತು (ಕರೆಂಟು ಕಡಿಮೆ ಪೋಲಾಗುತ್ತದೆ ಅನ್ನುವ ಗುರುತು) ಇರುವ, ಮೂರು ವರ್ಷ ವಾರಂಟಿ ಕೊಡುವ ಹೆಸರಾದ ಕಂಪನಿಯದು ತನ್ನಿ. ಯುಪಿಎಸ್ ಇದ್ದರೆ ಅದರ ಮೇಲೆ ಒಮ್ಮೆ ಓಡಿಸಿ, ಕರೆಂಟು ತೆಗೆದು ನೋಡಿ. ಕೆಲವು ಹೊಸ ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್‌ನ ಮೆಟ್ಟಿಲು ಮೆಟ್ಟಿಲಾದ ಅಲೆಗೆ ಹೊಂದುವುದಿಲ್ಲ, ಆಫ್ ಆಗಿಬಿಡುತ್ತವೆ.

ಕರಾವಳಿ ಕಾಗುಣಿತ · ಶುಕ್ರವಾರ, ಬೆಳಿಗ್ಗೆ 11:18

ಗುಡುಗು ಶುರುವಾದರೆ ಪ್ಲಗ್ ಮಾತ್ರ ಅಲ್ಲ, ಲ್ಯಾನ್ ಕೇಬಲ್ ಕೂಡ ಕೀಳಿ ಮೇಡಂ. ನಮ್ಮ ಕಡೆ ಅದರ ಮೂಲಕವೇ ಎರಡು ಬೋರ್ಡ್ ಹೋದವು. ಫೈಬರ್‌ನಲ್ಲಿ ಕರೆಂಟು ಬರುವುದಿಲ್ಲ ನಿಜ, ಆದರೆ ರೂಟರ್‌ನ ಅಡಾಪ್ಟರ್ ಗೋಡೆಯಲ್ಲೇ ಇರುತ್ತದೆ.

ಪುಸ್ತಕವನ್ನು ಯೂನಿಕೋಡ್‌ಗೂ ಬದಲಿಸಿ ಒಂದು ಪ್ರತಿ ಇಡಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಕಡೆ ಮಾತ್ರ ಕಣ್ಣಿಟ್ಟು ಓದಿ, ಅಲ್ಲಿ ತಪ್ಪು ನುಸುಳುತ್ತದೆ.

ಅಕ್ಷರಮನೆ · ಭಾನುವಾರ, ಸಂಜೆ 4:40

ವೈರಿಂಗ್ ಅಣ್ಣ ನೋಡಿದರು. ಅರ್ಥ್ ತಂತಿ ಮೀಟರ್ ಹಲಗೆಯ ಹಿಂದೆ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ಗುಂಡಿ ತೋಡಿ, ಹೊಸ ತಂತಿ ಎಳೆದರು. ಈಗ ಜುಮ್ ಇಲ್ಲ. ಎಸ್‌ಎಂಪಿಎಸ್ 2,400 ರೂಪಾಯಿ ಆಯಿತು. ಹಳದಿ ತಂತಿ 12.05, ಬೂದು 4.9. ಸ್ಟುಡಿಯೋದವರದ್ದು ವಾಪಸ್ ಕೊಟ್ಟೆ. ಮೇಷ್ಟ್ರಿಗೆ ನಿನ್ನೆ ಎಲ್ಲ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಪರಿವರ್ತನೆ ಮಾಡಿದ ಪ್ರತಿಯ ಒತ್ತಕ್ಷರ ತಾವೇ ನೋಡುತ್ತೇನೆ ಅಂದರು.

ಹಳೆಯ ಎಸ್‌ಎಂಪಿಎಸ್ ಗುಜರಿಯವರು 60 ರೂಪಾಯಿಗೆ ಕೇಳುತ್ತಿದ್ದಾರೆ. ಕೊಡಲಾ?

ಬೆಸುಗೆ · ಭಾನುವಾರ, ಸಂಜೆ 5:05

ಹಾಗೇ ಕೊಟ್ಟರೆ ಯಾರಾದರೂ ಫ್ಯಾನ್ ತಿರುಗುತ್ತದೆ ಅಂತ ಇನ್ನೊಂದು ಯಂತ್ರಕ್ಕೆ ಹಾಕುತ್ತಾರೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಅಲ್ಲಿಯ ತನಕ ಕೆಟ್ಟಿದೆ ಅಂತ ಮೇಲೆ ಬರೆದಿಡಿ.

ಅಕ್ಷರಮನೆ · ಭಾನುವಾರ, ಸಂಜೆ 5:20

ಆಯಿತು ಸರ್. ‘12 ವೋಲ್ಟ್ ಇಲ್ಲ, ಬಳಸಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಡಬ್ಬದ ಎರಡೂ ಬದಿಗೆ ಅಂಟಿಸಿದೆ.